ಓದುಗರ ಪ್ರಶ್ನೆ: ಇಂಗ್ಲಿಷಿನ ‘ಥ್ರೋಟ್’ ಗಂಟಲೋ, ಕೊರಳೋ, ಕತ್ತೋ?

ತುಮಕೂರಿನ ಪ್ರೌಢಶಾಲೆಯೊಂದರ ಇಂಗ್ಲಿಷ್ ಶಿಕ್ಷಕಿಯೊಬ್ಬರು ಕೇಳಿದ್ದಾರೆ: “ಕಟ್‌ಥ್ರೋಟ್ ಕಾಂಪಿಟಿಷನ್ ಎಂಬುದನ್ನು ನಮ್ಮ ಮಕ್ಕಳು ‘ಗಂಟಲು ಕೊಯ್ಯುವ ಸ್ಪರ್ಧೆ’ ಎಂದು ಬರೆದರು. ಥ್ರೋಟ್ ಎಂದರೆ ಗಂಟಲು ಎಂದೇ ನಾವು ಕಲಿಸಿದ್ದೇವೆ. ಆದರೂ ಇದು ಕಿವಿಗೆ ತಪ್ಪೆನಿಸುವುದೇಕೆ?”

ಅವರ ಕಿವಿ ಸರಿಯಾಗಿಯೇ ಹೇಳುತ್ತಿದೆ. ನಮ್ಮ ಕಡೆ ಮುದ್ದೆ ಉಣ್ಣಲು ಕಲಿಯುವ ಮಗುವಿಗೆ ‘ಅಗಿಯಬೇಡ, ನುಂಗು’ ಎನ್ನುತ್ತೇವೆ. ಉಪ್ಸಾರಿನಲ್ಲಿ ಅದ್ದಿದ ಆ ತುತ್ತು ಜಾರಿ ಇಳಿಯುವ ಒಳದಾರಿಯೇ ಗಂಟಲು. ಹಾರ ಬೀಳುವುದು ಕೊರಳಿಗೆ, ಮಲಗಿ ಏಳುವಷ್ಟರಲ್ಲಿ ಉಳುಕುವುದು ಕುತ್ತಿಗೆ, ಕೊಯ್ಯುವ ಮಾತು ಬಂದರೆ ಕತ್ತು. ಇಂಗ್ಲಿಷಿನ ಥ್ರೋಟ್ ಮಾತ್ರ ಒಳದಾರಿಯನ್ನೂ ಕತ್ತಿನ ಮುಂಭಾಗವನ್ನೂ ಒಟ್ಟಿಗೆ ಹೆಸರಿಸುತ್ತದೆ; ಸುತ್ತಲಿನ ಇಡೀ ಭಾಗಕ್ಕೆ ಅಲ್ಲಿ ನೆಕ್ ಎಂಬ ಬೇರೆ ಪದವಿದೆ. ವೈದ್ಯರು ‘ಸೋರ್ ಥ್ರೋಟ್’ ಎಂದಾಗ ಹೇಳುತ್ತಿರುವುದು ಒಳಗಿನದನ್ನು, ಅಂದರೆ ಮೂಗಿನ ಹಿಂಬದಿಯಿಂದ ಅನ್ನನಾಳದ ಬಾಯಿಯವರೆಗೆ ದೊಡ್ಡವರಲ್ಲಿ ಸುಮಾರು 12–13 ಸೆಂಟಿಮೀಟರ್ ಉದ್ದವಿರುವ ದಾರಿಯನ್ನು. ಕಟ್‌ಥ್ರೋಟ್‌ನಲ್ಲಿ ಇರುವುದು ಹೊರಗಿನದು.

ಹಾಗೆಂದು ‘ಕತ್ತು ಕೊಯ್ಯುವ ಸ್ಪರ್ಧೆ’ ಎಂದು ತಿದ್ದಿದರೂ ನನಗೆ ಸಮಾಧಾನವಿಲ್ಲ. ‘ನಂಬಿದವರ ಕತ್ತು ಕೊಯ್ದ’ ಎಂದರೆ ಕನ್ನಡದಲ್ಲಿ ದ್ರೋಹ. ಇಂಗ್ಲಿಷಿನ ಮಾತಿನಲ್ಲಿ ದ್ರೋಹಕ್ಕಿಂತ ಹೆಚ್ಚಾಗಿ, ದಯೆದಾಕ್ಷಿಣ್ಯವಿಲ್ಲದೆ ಎದುರಾಳಿಯನ್ನು ಮುಗಿಸಲು ಹೊರಟ ಹಟವಿದೆ. ‘ಜಿದ್ದಾಜಿದ್ದಿನ ಪೈಪೋಟಿ’ ಎಂದರೆ ಸಾಕು.

ಕೆಲವು ಕಡೆ ಎರಡು ಭಾಷೆಗಳೂ ಒಂದೇ ದಾರಿಯಲ್ಲಿ ನಡೆಯುತ್ತವೆ. ‘ಲಂಪ್ ಇನ್ ದ ಥ್ರೋಟ್’ ಎಂಬುದಕ್ಕೆ ನಮ್ಮಲ್ಲಿ ‘ಗಂಟಲು ಉಬ್ಬಿ ಬಂತು’ ಎಂಬ ಮಾತು ಸಿದ್ಧವಾಗಿಯೇ ಇದೆ. ದನಿ ಕೂತಾಗ ಇಂಗ್ಲಿಷರು ಗಂಟಲಲ್ಲಿ ಕಪ್ಪೆ ಇದೆ ಎನ್ನುತ್ತಾರೆ, ನಾವು ಗಂಟಲು ಕಟ್ಟಿದೆ ಎನ್ನುತ್ತೇವೆ. ಆದರೆ ಒಪ್ಪಿಕೊಳ್ಳಲಾಗದ ಸಂಗತಿ ಅವರಿಗೆ ಥ್ರೋಟ್‌ನಲ್ಲೇ ಸಿಕ್ಕಿಕೊಂಡರೆ, ನಮಗೆ ಹೊಟ್ಟೆಯವರೆಗೂ ಇಳಿದು ಅಲ್ಲಿ ಅರಗುವುದಿಲ್ಲ. ಇಂಥಲ್ಲಿ ‘ಅರಗಿಸಿಕೊಳ್ಳಲಾಗಲಿಲ್ಲ’ ಎಂದು ಬರೆಯಲು ಮಕ್ಕಳು ಹಿಂಜರಿಯಬಾರದು. ‘ಜಂಪ್ ಡೌನ್ ಸಮ್‌ಒನ್ಸ್ ಥ್ರೋಟ್’ ಎಂದರೆ ಹರಿಹಾಯುವುದು, ಅಷ್ಟೇ.

ನನಗೆ ತೀರಾ ಇಷ್ಟವಾದ ಉದಾಹರಣೆ ಇರುವುದು ಹಳೆಯ ಬೈಕಿನ ಕಾರ್ಬ್ಯುರೇಟರಿನಲ್ಲಿ. ಗಾಳಿ ಹಾದುಹೋಗುವ ಅದರ ಕೊಳವೆ ನಡುವೆ ಕಿರಿದಾಗುತ್ತದೆ. ಅತ್ಯಂತ ಕಿರಿದಾದ ಆ ಜಾಗದ ಹೆಸರೇ ಥ್ರೋಟ್. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುವುದರಿಂದ ಪೆಟ್ರೋಲು ತಾನಾಗಿ ಮೇಲೆದ್ದು ಗಾಳಿಯೊಂದಿಗೆ ಬೆರೆಯುತ್ತದೆ. ಇಟಲಿಯ ಭೌತವಿಜ್ಞಾನಿ ಜೊವಾನ್ನಿ ಬತ್ತಿಸ್ತ ವೆಂಚುರಿ (1746–1822) ಅವರ ಹೆಸರಿನಿಂದ ಇದನ್ನು ವೆಂಚುರಿ ಪರಿಣಾಮ ಎನ್ನುತ್ತಾರೆ. ಅದೇ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವುದು ಥ್ರಾಟಲ್. ಥ್ರೋಟ್‌ನಿಂದಲೇ ಹುಟ್ಟಿದ ಈ ಪದಕ್ಕೆ ಕತ್ತು ಹಿಸುಕು ಎಂಬ ಅರ್ಥವೂ ಇದೆ. ಚಳಿಯ ಬೆಳಗಿನಲ್ಲಿ ನಾವು ಎಳೆಯುವ ಚೋಕ್ ಎಂದರೂ ಉಸಿರು ಕಟ್ಟಿಸುವುದೇ, ಏಕೆಂದರೆ ಅದು ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಹೀಗೆ ಕಿಕ್ ಹೊಡೆದು ಗಾಡಿ ಶುರು ಮಾಡುವ ಪ್ರತಿಯೊಬ್ಬರೂ ಈ ಪದದ ಬಳಗವನ್ನು ಕೈಯಲ್ಲೇ ಹಿಡಿದಿರುತ್ತಾರೆ.

ಇಲ್ಲಿ ಥ್ರೋಟ್ ಎಂದರೆ ಗಂಟಲೂ ಅಲ್ಲ, ಕತ್ತೂ ಅಲ್ಲ, ಕಿರಿದಾದ ದಾರಿ. ಇದಕ್ಕೆ ಕನ್ನಡದಲ್ಲಿ ಹತ್ತಿರವಾದದ್ದು ಕಂಠ. ಕೊಡಕ್ಕೂ ಸೀಸೆಗೂ ನಾವು ಕಂಠ ಇದೆ ಎನ್ನುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಅವಕ್ಕಿರುವುದು ನೆಕ್. ಆದ್ದರಿಂದ ಮುಂದಿನ ವಾರ ಯಾರಾದರೂ ವಿದ್ಯಾರ್ಥಿ ‘ಸೀಸೆಯ ಕಂಠ’ವನ್ನು ‘ಥ್ರೋಟ್ ಆಫ್ ದ ಬಾಟಲ್’ ಎಂದು ಬರೆದು ತಂದರೆ, ಶಿಕ್ಷಕಿಯವರು ಅದನ್ನು ತಿದ್ದುವಾಗ ಈ ಕೊಡದ ಉದಾಹರಣೆಯನ್ನೂ ಹೇಳಬೇಕೆಂದು ನನ್ನ ಕೋರಿಕೆ.