ಇಲಿಯ ಜೀವಕೋಶದೊಳಗೆ ಸೈಟೊಕೈನ್ ಹುಡುಕಿದ ಹಾದಿ

ಉರಿಯೂತ ಉಂಟುಮಾಡುವ ಸೈಟೊಕೈನ್‌ಗಳನ್ನು, ಅಂದರೆ ಕೋಶಗಳು ಪರಸ್ಪರ ಸಂದೇಶ ಕಳಿಸಲು ಸ್ರವಿಸುವ ಪ್ರೋಟೀನ್‌ಗಳನ್ನು, ಇಲಿಯ ರೋಗನಿರೋಧಕ ಕೋಶಗಳಲ್ಲಿ ಪ್ರತಿದೀಪ್ತ ಪ್ರತಿಕಾಯಗಳಿಂದ (ನಿರ್ದಿಷ್ಟ ಗುರಿಗೆ ಅಂಟುವ, ಹೊಳೆಯುವ ಬಣ್ಣ ಜೋಡಿಸಿದ ಪ್ರೋಟೀನ್‌ಗಳಿಂದ) ಗುರುತಿಸುವುದು ಈಗ ಪ್ರಯೋಗಾಲಯಗಳ ನಿತ್ಯದ ಕೆಲಸ. ಆದರೂ ಗಾಮಾ ಇಂಟರ್‌ಫೆರಾನ್ ಎಂಬ ಸೈಟೊಕೈನಿಗೆ ಎಕ್ಸ್‌ಎಂಜಿ1.2 ಎಂಬ ಒಂದೇ ಪ್ರತಿಕಾಯ ಬಳಸಿದವರ ಅಂಕಿಗಳು ಕೂಡ ಪರಸ್ಪರ ತಾಳೆಯಾಗದಿರಬಹುದು. ಏಕೆಂದರೆ ಇಲ್ಲಿ ಅಳತೆಗಿಂತ ಮೊದಲಿನ ಸಿದ್ಧತೆಯೇ ಫಲಿತಾಂಶದ ಬಹುಪಾಲನ್ನು ನಿರ್ಧರಿಸುತ್ತದೆ.

1941ರಲ್ಲಿ ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್ ಮತ್ತು ಸಂಗಡಿಗರು ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಜೋಡಿಸಿದರು. ಸ್ಟ್ಯಾನ್‌ಫರ್ಡಿನಲ್ಲಿ ಹರ್ಜೆನ್‌ಬರ್ಗ್ ತಂಡ ಕೋಶಗಳನ್ನು ಬೆಳಕಿನೆದುರು ಒಂದೊಂದಾಗಿ ಹರಿಸಿ ವಿಂಗಡಿಸುವ ಯಂತ್ರ ಕಟ್ಟಿತು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸಲು ದಾರಿ ಮಾಡಿದರು. 1986ರಲ್ಲಿ ಮಾಸ್ಮನ್ ಮತ್ತು ಕಾಫ್‌ಮನ್, ಇಲಿಯ ಸಹಾಯಕ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳಲ್ಲಿ ಬೇರೆ ಬೇರೆ ಸೈಟೊಕೈನ್ ಸ್ರವಿಸುವ ಎರಡು ಬಗೆಗಳಿವೆ ಎಂದು ತೋರಿಸಿದ ಮೇಲೆ, ಯಾವ ಕೋಶ ಏನನ್ನು ತಯಾರಿಸುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ನೋಡಲೇಬೇಕಾಯಿತು.

ತೊಡಕು ಇದ್ದದ್ದು ಅಲ್ಲೇ. ಸೈಟೊಕೈನ್ ತಯಾರಾದೊಡನೆ ಹೊರಗೆ ಹೋಗುವ ವಸ್ತು. ಕೋಶದೊಳಗೆ ಅದು ನಿಲ್ಲುವುದಿಲ್ಲ. 1990ರ ದಶಕದ ಆರಂಭದಲ್ಲಿ ರೂಪುಗೊಂಡ ವಿಧಾನ ಈ ತೊಡಕನ್ನು ಚೊಕ್ಕವಾಗಿ ಬಿಡಿಸಿತು. ಕೋಶಗಳನ್ನು ಪಿಎಂಎ ಮತ್ತು ಅಯನೊಮೈಸಿನ್ ಎಂಬ ರಾಸಾಯನಿಕಗಳಿಂದ ನಾಲ್ಕಾರು ಗಂಟೆ ಕೆರಳಿಸಿ, ಬ್ರೆಫೆಲ್ಡಿನ್ ಅಥವಾ ಮೊನೆನ್ಸಿನ್ ಎಂಬ ತಡೆವಸ್ತು ಬೆರೆಸಿ ಸ್ರಾವದ ದಾರಿಯನ್ನು ಕಟ್ಟಿ, ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಕೊನೆಗೆ ಸಪೋನಿನ್‌ನಿಂದ ಪೊರೆಯಲ್ಲಿ ರಂಧ್ರ ಮಾಡುತ್ತಾರೆ. ನಮ್ಮ ಅಂಟುವಾಳದ ನೊರೆಗೆ ಕಾರಣವಾಗುವುದೂ ಸಪೋನಿನ್ ವರ್ಗದ ವಸ್ತುವೇ. ಅದು ಮಾಡುವ ರಂಧ್ರ ಶಾಶ್ವತವಲ್ಲ. ಆದ್ದರಿಂದ ಪ್ರತಿಕಾಯ ಹಾಕುವಾಗಲೂ ಆಮೇಲೆ ತೊಳೆಯುವಾಗಲೂ ದ್ರಾವಣದಲ್ಲಿ ಸಪೋನಿನ್ ಇರಲೇಬೇಕು. ಒಂದು ಸಲ ಮರೆತರೂ ರಂಧ್ರ ಮುಚ್ಚಿಕೊಂಡು, ಅಂಟಬೇಕಾದದ್ದು ಹೊರಗೆ, ತೊಳೆದು ಹೋಗಬೇಕಾದದ್ದು ಒಳಗೆ ಉಳಿಯುತ್ತದೆ.

ಇಂಥ ಎಡವಟ್ಟುಗಳು ಹಲವು. ಪಿಎಂಎ ತಗುಲಿದ ಟಿ ಕೋಶ ಸಹಾಯಕ ಟಿ ಕೋಶವೆಂದು ತನ್ನನ್ನು ತೋರಿಸಿಕೊಡುವ ಸಿಡಿ4 ಎಂಬ ಗುರುತನ್ನೇ ಮೇಲ್ಮೈಯಿಂದ ಒಳಗೆಳೆದುಕೊಳ್ಳುತ್ತದೆ. ಮ್ಯಾಕ್ರೋಫೇಜ್‌ಗಳೆಂಬ ಕಬಳಿಸುವ ಕೋಶಗಳು ತಮ್ಮ ಎಫ್‌ಸಿ ಗ್ರಾಹಕಗಳಿಂದ ಪ್ರತಿಕಾಯದ ಬಾಲವನ್ನು ಹಿಡಿದು ಸುಳ್ಳು ಹೊಳಪು ಕೊಡುತ್ತವೆ, ಮೊದಲು 2.4ಜಿ2 ಎಂಬ ಪ್ರತಿಕಾಯ ಹಾಕಿ ಆ ಗ್ರಾಹಕಗಳನ್ನು ಮುಚ್ಚುವುದು ಇದಕ್ಕಾಗಿಯೇ. ಸತ್ತ ಕೋಶಗಳಿಗಂತೂ ಎಲ್ಲವೂ ಅಂಟುತ್ತದೆ. ಐಎಲ್-1 ಬೀಟಾ ಎಂಬ ಸೈಟೊಕೈನ್, ಕೋಶದ ಸಾಮಾನ್ಯ ಸ್ರಾವದ ದಾರಿಯಾದ ಗಾಲ್ಗಿಯ ಹಾದಿ ಹಿಡಿಯುವುದೇ ಇಲ್ಲವಾದ್ದರಿಂದ ಬ್ರೆಫೆಲ್ಡಿನ್ ಅದನ್ನು ಕೋಶದೊಳಗೆ ತಡೆದು ನಿಲ್ಲಿಸಲಾರದು.

ಆಮೇಲೆ ಬಣ್ಣಗಳು ಹೆಚ್ಚಿದವು, ಯಂತ್ರಗಳು ಚುರುಕಾದವು. 2015ರಲ್ಲಿ ನೂರಕ್ಕೂ ಹೆಚ್ಚು ವಿಜ್ಞಾನಿಗಳು, ಪ್ರತಿಕಾಯಗಳನ್ನು ಅವುಗಳ ಜೀನ್ ಅನುಕ್ರಮದಿಂದಲೇ ನಿರ್ದಿಷ್ಟಪಡಿಸಿ ತಯಾರಿಸಬೇಕೆಂದು ಒತ್ತಾಯಿಸಿದರು. ಅದು ಅಗತ್ಯವಾದ ಹೆಜ್ಜೆಯೇ. ಆದರೆ ಪ್ರತಿಕಾಯ ಎಷ್ಟೇ ಶುದ್ಧವಾಗಿದ್ದರೂ, ಪಿಎಂಎಯಿಂದ ಕೆರಳಿಸಿದ ಕೋಶದ ಹೊಳಪು ಆ ಕೋಶ ಏನು ಮಾಡಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ಇಲಿಯ ಮೈಯಲ್ಲಿ ಅದು ಏನು ಮಾಡುತ್ತಿತ್ತು ಎಂಬುದನ್ನಲ್ಲ. ಅದನ್ನು ತಿಳಿಯಲು ಬ್ರೆಫೆಲ್ಡಿನ್ ಅನ್ನು ಇಲಿಗೇ ಚುಚ್ಚಿ, ಕೆಲವು ಗಂಟೆಗಳ ನಂತರ ಗುಲ್ಮದ ಕೋಶಗಳನ್ನು ಕೆರಳಿಸದೆಯೇ ನೋಡುವ ವಿಧಾನವಿದೆ. ಅದರಲ್ಲಿ ಸಿಗುವ ಸಂಕೇತ ಕ್ಷೀಣ, ಶ್ರಮ ಹೆಚ್ಚು. ಹಾಗಾಗಿ ಅದರ ಬಳಕೆ ಇನ್ನೂ ಕಡಿಮೆಯೇ.