ಗಂಡು ಮೀನಿನ ರಕ್ತದಲ್ಲಿ ಮೊಟ್ಟೆಯ ಪ್ರೋಟೀನು: ಹಾರ್ಮೋನು ಕೆಡಿಸುವ ಮಾಲಿನ್ಯದ ಟಿಪ್ಪಣಿ

ಪರೀಕ್ಷೆಗೆ ಓದುವವರೇ, ಮೀನಿನ ಹಾರ್ಮೋನು ಕೆಡಿಸುವ ಮಾಲಿನ್ಯದ ಈ ಅಧ್ಯಾಯದಲ್ಲಿ ರಾಸಾಯನಿಕಗಳ ಪಟ್ಟಿ ಉದ್ದ ಇದೆ ಅಂತ ಹೆದರಬೇಡಿ. ಪಟ್ಟಿ ಉರು ಹೊಡೆಯುವ ಬದಲು ವಿಟೆಲೊಜೆನಿನ್ ಅನ್ನುವ ಒಂದು ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಹೆಣ್ಣು ಮೀನಿನ ಮಿದುಳು ತನ್ನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿ ಅಂಡಾಶಯಕ್ಕೆ. ಅಂಡಾಶಯದ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ರಕ್ತದಲ್ಲಿ ಹರಿದು ಲಿವರ್ ಸೇರಿ ಅಲ್ಲಿನ ಗ್ರಾಹಕಕ್ಕೆ (ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ) ಅಂಟಿಕೊಂಡಾಗ ಲಿವರ್ ವಿಟೆಲೊಜೆನಿನ್ ತಯಾರಿಸುತ್ತದೆ, ಅದು ಮತ್ತೆ ಅಂಡಾಶಯಕ್ಕೆ ಹೋಗಿ ಮೊಟ್ಟೆಯ ಹಳದಿಯಾಗುತ್ತದೆ. ಗಂಡಿನ ಲಿವರಿನಲ್ಲೂ ಇದೇ ಜೀನ್ ಇದೆ, ಗ್ರಾಹಕವೂ ಇದೆ. ಈಸ್ಟ್ರೋಜನ್ ಸಾಲದೆ ಸುಮ್ನೆ ಕೂತಿರುತ್ತದೆ, ಅಷ್ಟೇ. ಹೊರಗಿನಿಂದ ಅಂಥದ್ದೇ ವಸ್ತು ಬಂದರೆ ಗಂಡಿನ ಲಿವರೂ ಕೆಲಸ ಶುರು ಮಾಡುತ್ತದೆ. ಆದರೆ ತುಂಬಿಕೊಳ್ಳಲು ಮೊಟ್ಟೆಯೇ ಇಲ್ಲವಲ್ಲ! ಪ್ರೋಟೀನು ರಕ್ತದಲ್ಲೇ ಸೇರುತ್ತಾ ಹೋಗುತ್ತದೆ. ತೀರಾ ಜಾಸ್ತಿಯಾದರೆ ಕಿಡ್ನಿಗೂ ಪೆಟ್ಟು.

ಬರುವುದು ಎಲ್ಲಿಂದ? ಮುಖ್ಯವಾಗಿ ಚರಂಡಿ ನೀರಿನಿಂದ. ಮನುಷ್ಯರ ಮೂತ್ರದ ಸಹಜ ಈಸ್ಟ್ರೋಜನ್, ಗರ್ಭನಿರೋಧಕ ಮಾತ್ರೆಯ ಎಥಿನೈಲ್ ಎಸ್ಟ್ರಾಡಯಾಲ್, ಕೈಗಾರಿಕೆಗಳ ಡಿಟರ್ಜೆಂಟ್ ಒಡೆದು ಉಳಿಯುವ ನೊನೈಲ್‌ಫಿನಾಲ್. ಮಾತ್ರೆಯ ಹಾರ್ಮೋನು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು. ನೊನೈಲ್‌ಫಿನಾಲ್ ಅದಕ್ಕಿಂತ ಎಷ್ಟೋ ದುರ್ಬಲ, ಆದರೆ ಪ್ರಮಾಣ ಜಾಸ್ತಿ. 1990ರ ದಶಕದಲ್ಲಿ ಇಂಗ್ಲೆಂಡಿನ ಟೈನ್ ಮತ್ತು ಮರ್ಸಿ ನದಿಗಳ ಅಳಿವೆಯಲ್ಲಿ ಹಿಡಿದ ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಗಂಡುಗಳಲ್ಲಿ ಈ ಪ್ರೋಟೀನು ಸಿಕ್ಕಾಪಟ್ಟೆ ಇತ್ತು. ಮರ್ಸಿಯ ಕೆಲವು ಗಂಡುಗಳ ವೃಷಣವನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೀರ್ಯದ ಕೋಶಗಳ ನಡುವೆ ದುಂಡಗಿನ ಮೊಟ್ಟೆಯ ಕೋಶಗಳು!

ಇಲ್ಲೇ ಬಹಳ ಜನ ಜಾರುವುದು. ವಿಟೆಲೊಜೆನಿನ್ ಏರಿದೆ ಅಂದರೆ ಮೀನಿಗೆ ಈಸ್ಟ್ರೋಜನ್‌ನಂಥದ್ದು ತಗುಲಿದೆ ಅಂತ ಮಾತ್ರ ಗೊತ್ತಾಯಿತು. ಮರಿಗಳು ಕಡಿಮೆಯಾದವು, ಸಂತತಿ ಕುಸಿಯಿತು ಅಂತ ಅಷ್ಟರಿಂದಲೇ ಹೇಳಲಾಗದು. ಸಂತತಿಯೇ ಕುಸಿದ ನೇರ ಪುರಾವೆ ಸಿಹಿನೀರಿನದು: ಕೆನಡಾದ ಒಂದು ಪ್ರಯೋಗ ಸರೋವರಕ್ಕೆ 2001ರಿಂದ 2003ರವರೆಗೆ ಮಾತ್ರೆಯ ಹಾರ್ಮೋನನ್ನು ಲೀಟರಿಗೆ 5–6 ನ್ಯಾನೋಗ್ರಾಂ ಇರುವಂತೆ ಬೆರೆಸಿದಾಗ ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನು ಹೆಚ್ಚುಕಡಿಮೆ ಇಲ್ಲವಾಯಿತು. ಅದರ ಆಯುಸ್ಸೇ ಕಡಿಮೆ, ಒಂದೆರಡು ವರ್ಷ ಮರಿ ಆಗದಿದ್ದರೆ ಕಥೆ ಮುಗೀತು. ಸಮುದ್ರದಲ್ಲಿ ನೀರು ಬೆರೆಯುತ್ತದೆ, ಮೀನು ವಲಸೆ ಹೋಗುತ್ತದೆ, ಎಷ್ಟೋ ಜಾತಿಗಳು ವರ್ಷಗಟ್ಟಲೆ ಬದುಕಿ ಮತ್ತೆ ಮತ್ತೆ ಮೊಟ್ಟೆಯಿಡುತ್ತವೆ, ಜೊತೆಗೆ ಮೀನುಗಾರಿಕೆಯ ಒತ್ತಡ ಬೇರೆ; ಹಾಗಾಗಿ ಕಾರಣ ಬಿಡಿಸಿ ಹೇಳುವುದು ಕಷ್ಟ. ಸರೋವರದ ಫಲಿತಾಂಶವನ್ನು ಹಾಗೇ ಕಡಲಿಗೆ ಅಂಟಿಸುವ ಉತ್ತರ ನನಗಂತೂ ಒಪ್ಪಿಗೆಯಿಲ್ಲ.

ಎಲ್ಲವೂ ಈಸ್ಟ್ರೋಜನ್ ವೇಷದವೂ ಅಲ್ಲ. ಡಿಡಿಟಿ ಎಂಬ ಕೀಟನಾಶಕ ಒಡೆದು ಬರುವ ಡಿಡಿಇ ಗಂಡು ಹಾರ್ಮೋನಿನ ಗ್ರಾಹಕವನ್ನೇ ಅಡ್ಡಗಟ್ಟುತ್ತದೆ. ಹಡಗಿನ ತಳಕ್ಕೆ ಬಳಿಯುತ್ತಿದ್ದ ಬಣ್ಣದ ಟ್ರಿಬ್ಯುಟೈಲ್ ಟಿನ್ ಪ್ರಯೋಗಗಳಲ್ಲಿ ಉಲ್ಟಾ ದಿಕ್ಕಿಗೆ ಎಳೆದಿದೆ, ಮರಿಗಳಲ್ಲಿ ಗಂಡುಗಳೇ ಜಾಸ್ತಿ. ಅಂಥ ಬಣ್ಣಕ್ಕೆ ಅಂತರರಾಷ್ಟ್ರೀಯ ನಿಷೇಧ ಜಾರಿಯಾದದ್ದು 2008ರಲ್ಲಿ. ಹಿಂದೆ ವಿದ್ಯುತ್ ಉಪಕರಣಗಳಲ್ಲಿ ಬಳಸುತ್ತಿದ್ದ ಪಿಸಿಬಿ ಎಂಬ ರಾಸಾಯನಿಕಗಳು ಥೈರಾಯ್ಡ್ ಗ್ರಂಥಿಯ ಕಡೆಗೂ ಕೈ ಹಾಕುತ್ತವೆ. ಚಪ್ಪಟೆ ಮೀನಿನ ಮರಿಯಲ್ಲಿ ಒಂದು ಕಣ್ಣು ತಲೆಯ ಇನ್ನೊಂದು ಬದಿಗೆ ಸರಿಯುವುದು ಥೈರಾಯ್ಡ್ ಹಾರ್ಮೋನಿನಿಂದಲೇ, ಅಲ್ವಾ? ಅಲ್ಲಿ ಏರುಪೇರಾದರೆ ಏನಾದೀತು ಯೋಚಿಸಿ.

ಇನ್ನೊಂದು ಎಚ್ಚರಿಕೆ: ಕ್ಲೌನ್ ಮೀನು, ಗ್ರೂಪರ್ ಮುಂತಾದವು ಸಹಜವಾಗಿಯೇ ಲಿಂಗ ಬದಲಿಸುತ್ತವೆ. ಅವುಗಳಲ್ಲಿ ಗಂಡು ಹೆಣ್ಣಿನ ಅಂಗಾಂಶ ಒಟ್ಟಿಗೆ ಕಂಡರೆ ತಕ್ಷಣ ಮಾಲಿನ್ಯ ಅನ್ನಬೇಡಿ. ಆ ಜಾತಿಯಲ್ಲಿ ಸಹಜ ಯಾವುದು ಅಂತ ಮೊದಲು ನೋಡಿ, ಸ್ವಚ್ಛ ನೀರಿನ ಮೀನಿನ ಜೊತೆ ಹೋಲಿಸಿ, ಆಮೇಲೆ ಬರೆಯಿರಿ.