ಪರವಲಯ ಅಡ್ಡ ಅಕ್ಷವನ್ನು ದಾಟುವುದೆಲ್ಲಿ?

ವರ್ಗ ಸಮೀಕರಣದ ನಕ್ಷೆಯಾದ ಪರವಲಯವು ಅಡ್ಡ ಅಕ್ಷವನ್ನು ಎಲ್ಲಿ ದಾಟುತ್ತದೆ ಎಂದು ಕೇಳಿದರೆ, ಶಾಲೆಯಲ್ಲಿ ಬಾಯಿಪಾಠ ಮಾಡಿದ ಸೂತ್ರದಲ್ಲಿ ಬೆಲೆಗಳನ್ನು ಆದೇಶಿಸಿ ಉತ್ತರ ತೆಗೆಯುವುದೇ ರೂಢಿ. ಉತ್ತರವೇನೋ ಸರಿಯಾಗಿಯೇ ಬರುತ್ತದೆ. ಆದರೆ ಹಾಗೇಕೆ ಬಂತೆಂಬುದು ಸೂತ್ರಕ್ಕಿಂತ ನಕ್ಷೆಯಲ್ಲೇ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

ವೈ = ಎಕ್ಸ್² − 6ಎಕ್ಸ್ + 4 ಎಂಬುದನ್ನು ತೆಗೆದುಕೊಳ್ಳೋಣ. ಅಪವರ್ತಿಸಲು ಹೊರಟರೆ, ಗುಣಲಬ್ಧ 4 ಮತ್ತು ಮೊತ್ತ −6 ಆಗುವ ಪೂರ್ಣಾಂಕಗಳ ಜೋಡಿ ಸಿಗುವುದಿಲ್ಲ. ಪರವಲಯವು ತನ್ನ ಸಮಮಿತಿ ಅಕ್ಷದ ಎರಡೂ ಬದಿಗೆ ಒಂದೇ ತೆರನಾಗಿ ಬಾಗಿರುವುದರಿಂದ, ದಾಟುವ ಬಿಂದುಗಳು ಎರಡಿದ್ದರೆ ಅವು ಆ ಅಕ್ಷದಿಂದ ಸಮದೂರದಲ್ಲೇ ಇರಬೇಕು. ಸಮೀಕರಣವನ್ನು ಎ·ಎಕ್ಸ್² + ಬಿ·ಎಕ್ಸ್ + ಸಿ ಎಂದು ಬರೆದರೆ (ಇಲ್ಲಿ ಎ = 1, ಬಿ = −6, ಸಿ = 4), ಅಕ್ಷವಿರುವುದು −ಬಿ/2ಎ ಎಂಬಲ್ಲಿ, ಅಂದರೆ ಇಲ್ಲಿ 3ರಲ್ಲಿ. ಅಲ್ಲಿ ವೈ ಬೆಲೆ 9 − 18 + 4, ಅಂದರೆ −5. ನಕ್ಷೆಯ ತಳ ಅಡ್ಡ ಅಕ್ಷಕ್ಕಿಂತ 5 ಮಾನ ಕೆಳಗಿದೆ. ತಳದಿಂದ ಪಕ್ಕಕ್ಕೆ 1 ಮಾನ ಸರಿದರೆ ರೇಖೆ 1 ಮಾನ ಏರುತ್ತದೆ, 2 ಸರಿದರೆ 4, 3 ಸರಿದರೆ 9. ಹಾಗಾದರೆ 5 ಮಾನ ಏರಲು √5, ಸುಮಾರು 2.236 ಮಾನ ಸರಿಯಬೇಕು. 3ರಿಂದ ಎಡಕ್ಕೂ ಬಲಕ್ಕೂ ಅಷ್ಟು ಸರಿದರೆ 0.764 ಮತ್ತು 5.236 ಸಿಗುತ್ತವೆ.

ಸೂತ್ರ ಹೇಳುವುದೂ ಇದನ್ನೇ: −ಬಿ/2ಎ ನಡುವಿನ ಸ್ಥಾನ, √(ಬಿ² − 4ಎಸಿ)/2ಎ ಅಲ್ಲಿಂದ ಸರಿಯಬೇಕಾದ ದೂರ. ಅದರಲ್ಲಿರುವ 4 ಎಲ್ಲಿಂದ ಬಂತೆಂದು ಸೋಜಿಗಪಡುವವರು ಶ್ರೀಧರಾಚಾರ್ಯರ ನಿಯಮವನ್ನು ನೋಡಬೇಕು. ಭಾಸ್ಕರಾಚಾರ್ಯರು ‘ಬೀಜಗಣಿತ’ದಲ್ಲಿ ಉದ್ಧರಿಸಿರುವ ಆ ನಿಯಮದಂತೆ, ಸಮೀಕರಣದ ಎರಡೂ ಬದಿಯನ್ನು ಮೊದಲು 4ಎಯಿಂದ ಗುಣಿಸಿ, ಬಳಿಕ ಬಿ² ಕೂಡಿಸಿದರೆ ಭಿನ್ನರಾಶಿಗಳ ಕಾಟವಿಲ್ಲದೆ ಪೂರ್ಣವರ್ಗ ಸಿದ್ಧವಾಗುತ್ತದೆ.

ಇನ್ನು ಕೊನೆಯ 4ನ್ನು 9 ಮಾಡಿದರೆ ಪರವಲಯ 5 ಮಾನ ಮೇಲೇರಿ, ಅಕ್ಷವನ್ನು 3ರಲ್ಲಿ ಮುಟ್ಟಿ ಹಿಂದಿರುಗುತ್ತದೆ. 13 ಮಾಡಿದರೆ ತಳವೇ ಅಕ್ಷಕ್ಕಿಂತ 4 ಮಾನ ಮೇಲಿರುವುದರಿಂದ ಮುಟ್ಟುವುದೂ ಇಲ್ಲ. ಆಗ ಶೋಧಕ, ಅಂದರೆ ವರ್ಗಮೂಲದೊಳಗಿನ ಬಿ² − 4ಎಸಿ, ಋಣವಾಗುತ್ತದೆ, ಮೂಲಗಳು (ವೈ ಸೊನ್ನೆಯಾಗುವ ಎಕ್ಸ್ ಬೆಲೆಗಳು) 3 ± 2ಐ ಎಂಬ ಸಮ್ಮಿಶ್ರ ಸಂಖ್ಯೆಗಳಾಗುತ್ತವೆ; ಇಲ್ಲಿ ಐ ಎಂದರೆ √−1. ಇವುಗಳಿಗೆ ನಕ್ಷೆಯಲ್ಲಿ ಜಾಗವಿಲ್ಲವೆಂದು ಸಾಮಾನ್ಯವಾಗಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಅದೇ ಪರವಲಯವನ್ನು, ತಳ ಇದ್ದಲ್ಲೇ ಇರುವಂತೆ, ತಲೆಕೆಳಗು ಮಾಡಿ ನೋಡಿದರೆ ಅದು ಅಕ್ಷವನ್ನು 1 ಮತ್ತು 5ರಲ್ಲಿ, ಅಂದರೆ 3ರಿಂದ ಸರಿಯಾಗಿ 2 ಮಾನ ಆಚೀಚೆ, ದಾಟುತ್ತದೆ.